ಸಾಮೂಹಿಕ ಉಡಿ ತುಂಬೋದು: ಜೋಗಮ್ಮನವರನ್ನ, ಟ್ರಾನ್ಸ್ ಹೆಣ್ಣುಮಕ್ಕಳನ್ನ ಕರೀಬೇಕಂದ್ರ ಹೆಂಗ?

ಗಂಗಾವತಿ ಗೆಳತಿ:
ನವರಾತ್ರಿ ಶುಕ್ರವಾರ ನಮ್ಮ ಮಹಿಳಾ ಮಂಡಳದಿಂದ ಸಮುದಾಯ ಭವನದಾಗ 101 ಮಂದಿಗೆ ಉಡಿ ತುಂಬೋದೈತಿ. ಗಂಡಸರಿಗೆ ಒಳಗ ಬಿಡಂಗಿಲ್ಲ. ಮುತ್ತು ಕಟ್ಟಿಸಿಕೊಂಡು (ಕೊರಳಿಗೆ ದೇವಿ ಹೆಸರಿನ ಮುತ್ತಿನ ಸರ ಹಾಕಿಸ್ಕೊಂಡು) ದೇವಿ ಸೇವಾಕ್ಕ ನಿಂತ ಇಬ್ಬರು ಜೋಗಮ್ಮನವರು, ಮುತ್ತು ಕಟ್ಟಿಸಿಕೊಳ್ಳದ ಒಬ್ಬ ಟ್ರಾನ್ಸ್ ಹೆಣ್ಣುಮಗಳು, ಮೂವರನ್ನೂ ಕರೀಬೇಕಂತ ಅರ್ಧ ಮಂದಿ. ಮುತ್ತೈದೇರ ಕಾರ್ಯಕ್ಕ ಅವರು ಹೆಂಗ ಅಂತ ಉಳಿದವರು. ಪದ್ಧತಿ ಏನೈತಿ? ಸಾಮಾನು ಎಷ್ಟು? ಕಾನೂನು ಏನಾರ ಅಡ್ಡ ಬರತೈತೇನ್ರಿ?

ಹುಲಿಗಿ ಹಾದಿ:
ಜೋಗಮ್ಮನವರ ಬಗ್ಗೆ ತಕರಾರೇ ಏಳಬಾರದು. ಮುತ್ತು ಕಟ್ಟಿದ ಮ್ಯಾಲೆ ದೇವಿಗೆ ಸೇರಿದವರು, ನಿತ್ಯಮುತ್ತೈದಿ ಲೆಕ್ಕ. ಮಂಗಳವಾರ, ಶುಕ್ರವಾರ, ಹುಣ್ಣಿಮಿಗೆ ಕೊಪ್ಪಳ ಜಿಲ್ಲಾ ಹುಲಿಗಿಯ ಹುಲಿಗೆಮ್ಮನ ಗುಡಿ ಅಂಗಳದಾಗ ನಿಂತು ನೋಡ್ರಿ. ಸಂಸಾರಸ್ಥ ಹೆಣ್ಣುಮಕ್ಕಳೇ ಪಡ್ಡಲಗಿ (ದೇವಿ ಹೆಸರಲೆ ಭಿಕ್ಷಾ ಬೇಡೋ ಬುಟ್ಟಿ) ತುಂಬಿಸಿ, ಹಣಿಗೆ ಭಂಡಾರ ಹಚ್ಚಿಸ್ಕೊಂಡು ಕಾಲಿಗೆ ಬೀಳತಾರ. 2021ರ ಪದ್ಮಶ್ರೀ ಪಡೆದ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ಮುತ್ತು ಕಟ್ಟಿದ್ದೂ ಅಲ್ಲೇ.

ತಪ್ಪಾಗೋದು ಬ್ಯಾರೆ ಕಡೆ. ಕರೀತಾರ, ಕಡೀ ಸಾಲಿನಾಗ ಕುಂದ್ರಸತಾರ, ಪಡ್ಡಲಗ್ಯಾಗ ಸೇರು ಅಕ್ಕಿ, ನೂರು ರೂಪಾಯಿ ಹಾಕಿ ಕಳಸತಾರ. ಅದು ಉಡಿ ಅಲ್ಲ, ಜೋಗ, ಅಂದ್ರ ದೇವಿ ಹೆಸರಿನ ಭಿಕ್ಷಾ. ಪಡ್ಡಲಗಿಗೆ ಹಾಕಿದ್ದು ದೇವಿಗೆ, ಉಡಿಗೆ ಹಾಕಿದ್ದು ಆಕಿಗೆ. ಎರಡೂ ಮಾಡ್ರಿ, ಆದ್ರ ಸೆರಗು ಒಡ್ಡಿಸಿ ಉಡಿ ಮೊದಲು ತುಂಬ್ರಿ. ತಲಿಮ್ಯಾಲಿನ ಜಗ (ದೇವಿ ಮೂರ್ತಿ ಹೊತ್ತ ಬುಟ್ಟಿ) ಇಳಿಸಾಕ ಕಟ್ಟಿಗಿ ಮಣಿ ಹಾಕಿ, ಹಸಿರು ಕಣ (ಕುಪ್ಪಸದ ಬಟ್ಟಿ) ಹಾಸಿ, ಅಕ್ಕಿ ಹರವಿ ಇಡ್ರಿ. ಬರೀ ನೆಲಕ್ಕ ಇಡಂಗಿಲ್ಲ.

ಬಳಿ ಬುಟ್ಟಿ:
ಒಂದು ಉಡಿಗೆ ಅಕ್ಕಿ ಐದು ಹಿಡಿ, ಕೊಬ್ಬರಿ ಬಟ್ಟಲು 1, ಉತ್ತತ್ತಿ 5, ಅರಿಷಿಣ ಕೊಂಬು 5, ಅಡಕಿ 5, ಎಲಿ 5, ಬಾಳೆಹಣ್ಣು 2, ಬೆಲ್ಲದ ಚೂರು, ಕಣ. ಐದು ಹಿಡಿ ಅಂದ್ರ ಸುಮಾರು ಕಾಲು ಕೆಜಿ. 26 ಕೆಜಿ ಚೀಲ ಒಂದು ಒಡೆದ್ರ 101 ಮಂದಿಗೆ ಸರಿಹೋಗತೈತಿ. ಉತ್ತತ್ತಿ, ಅರಿಷಿಣ ಕೊಂಬು ಎಣಿಸೇ ತರ್ರಿ, ತಲಾ 505.

ಅರಿಷಿಣ-ಕುಂಕುಮ, ಹೂವು, ಬಳಿ, ಆಮ್ಯಾಲೆ ಉಡಿ, ಕಡೀಕ ಆರತಿ. ಸಿಂಥೆಟಿಕ್ ಸೀರಿ ಸೆರಗಿನ್ಯಾಗ ಅಕ್ಕಿ ನಿಲ್ಲಂಗಿಲ್ಲ, ಜಾರತೈತಿ. ಕಣ ಮೊದಲು ಹಾಸಿ ಅದರೊಳಗ ಅಕ್ಕಿ ಸುರುವಿ ಗಂಟು ಹಾಕ್ರಿ. ಚೂಡಿದಾರ ಹಾಕ್ಕೊಂಡು ಬಂದವರಿಗೂ ಇದೇ ಉಪಾಯ.

ಯಾರೂ ಹೇಳದ ಮಾತೊಂದು: ಬಳಿ ಅಳತಿ. ಸಭಾದವರು 2-4, 2-6 ತರತಾರ. ಅಗಲ ಕೈಗೆ ಅವು ಏರಂಗಿಲ್ಲ. ಎಲ್ಲಾರ ಮುಂದ ತಿಕ್ಕಿ ತೊಡಿಸಾಕ ಹೋಗಿ ಗಾಜಿನ ಬಳಿ ಒಡದ್ರ, ಅವತ್ತಿನ ದಿನ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. 2-8, 2-10 ಎರಡೆರಡು ಡಜನ್ ಇರಲಿ. ಕಣ 80 ಸೆಂ.ಮೀ. ಬದಲು ಒಂದು ಮೀಟರ್ ತರ್ರಿ, ಎಲ್ಲಾರಿಗೂ ಒಂದೇ ಅಳತಿ. ನವರಾತ್ರಿ ಅಂದ್ರ ಬಳಿಗೆ ತೊಂದ್ರಿ ಇಲ್ಲ. ರಂಡಿ ಹುಣ್ಣಿಮಿ (ಎಲ್ಲವ್ವ ಗಂಡನ್ನ ಕಳಕೊಂಡಳು ಅನ್ನೋ ಹುಣ್ಣಿಮಿ) ದಾಟಿದ ಮ್ಯಾಲಾಗಿದ್ರ ಜೋಗಮ್ಮನವರನ್ನ ಕೇಳದೇ ಬಳಿ ಮುಟ್ಟಬಾರದಿತ್ತು. ಎಲ್ಲವ್ವನ ಒಕ್ಕಲಿನವರು, ಆಕಿ ಮತ್ತ ಮುತ್ತೈದಿ ಆಗೋ ಮುತ್ತೈದಿ ಹುಣ್ಣಿಮಿತನಾ ಬಳಿ ತೊಡಂಗಿಲ್ಲ.

ಓದುಗ 583:
ಇದೇ ಜಗಳ ಅಮೆರಿಕದ ಪೇಗನ್ನರಲ್ಲೂ (ಹಳೆಯ ದೇವ-ದೇವಿಯರ ಪೂಜೆಯನ್ನು ಮತ್ತೆ ಹಿಡಿದವರು) ಆಗಿದೆ. 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜುಜಾನಾ ಬುಡಾಪೆಸ್ಟ್ ಎಂಬಾಕೆ ಕಟ್ಟಿದ ಡಯಾನಿಕ್ ವಿಕ್ಕಾ ಎಂಬ ದೇವಿ ಪೂಜೆಯ ಪಂಥ ಹೆಂಗಸರಿಗಷ್ಟೇ ಮೀಸಲು. ಮುಟ್ಟು, ಹೆರಿಗೆ, ಮುಟ್ಟು ನಿಲ್ಲುವುದು ಇವೇ ಅವರ ಆಚರಣೆಯ ತಿರುಳು, ಆದ್ದರಿಂದ ಟ್ರಾನ್ಸ್ ಹೆಂಗಸರು ಬೇಡ ಎನ್ನುವುದು ಅವರ ವಾದ. 2011ರಲ್ಲಿ ಸ್ಯಾನ್ ಹೋಸೆಯಲ್ಲಿ ನಡೆದ ಪ್ಯಾಂಥಿಯಾಕಾನ್ ಎಂಬ ಪೇಗನ್ ಸಮ್ಮೇಳನದಲ್ಲಿ ಲಿಲಿತ್ ದೇವಿಯ ಆಚರಣೆಗೆ ಬಂದ ಟ್ರಾನ್ಸ್ ಹೆಂಗಸರನ್ನು ಬಾಗಿಲಲ್ಲೇ ತಡೆದರು. ಕಾರ್ಯಕ್ರಮ ಪಟ್ಟಿಯಲ್ಲಿ ಅಂಥ ನಿರ್ಬಂಧ ಬರೆದಿರಲಿಲ್ಲ. ಮರುವರ್ಷ ಬುಡಾಪೆಸ್ಟ್ ತಮ್ಮ ಪೂಜೆಗೆ ನಿರ್ಬಂಧವನ್ನು ಬರೆದೇ ಹಾಕಿದರು, ಜನ ಬಾಗಿಲಾಚೆ ಮೌನವಾಗಿ ಕೂತು ಪ್ರತಿಭಟಿಸಿದರು.

ಆ ದೇಹದ ವಾದ ನಿಮ್ಮ ಕಾರ್ಯಕ್ಕೆ ಹೊಂದುವುದಿಲ್ಲ. ಮಕ್ಕಳಾಗದವರಿಗೂ ಮುಟ್ಟು ನಿಂತವರಿಗೂ ಉಡಿ ತುಂಬುತ್ತೀರಲ್ಲ! ಆದರೆ ಯಾರಿಗೆ ಆಹ್ವಾನ ಅನ್ನುವುದನ್ನು ಕರಪತ್ರದಲ್ಲೇ ಹಾಕಿ. ಬಾಗಿಲಲ್ಲಿ ತೀರ್ಮಾನಿಸಲು ಹೋದರೆ ಅಲ್ಲಾದದ್ದೇ ಇಲ್ಲೂ ಆಗುತ್ತದೆ.

ಸಿಂಧನೂರು ವಕೀಲಿ:
ಟ್ರಾನ್ಸ್ ಜನರ ಹಕ್ಕನ್ನು ಒಪ್ಪಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಎರಡನ್ನೂ ತಿಳಿದಿರಿ. ಸಾರ್ವಜನಿಕರಿಗೆ ತೆರೆದಿಟ್ಟ ಸೌಲಭ್ಯಗಳಲ್ಲಿ ತಾರತಮ್ಯವನ್ನು ಕಾಯ್ದೆ ನಿಷೇಧಿಸುತ್ತದೆ. ಮನೆಯೊಳಗಿನ ಉಡಿಗೆ ಅದು ತಟ್ಟುವುದಿಲ್ಲ. ನೀವೋ ಸಮುದಾಯ ಭವನದಲ್ಲಿ, ಬ್ಯಾನರ್ ಕಟ್ಟಿ ಮಾಡುವವರು. ಗುರುತಿನ ಚೀಟಿ ತೋರಿಸು ಅನ್ನುವುದು ಬೇಡ, ಬೇರೆ ಹೆಂಗಸರ ಹತ್ತಿರ ಕೇಳುತ್ತೀರೇನು? ಭಕ್ತಿಯ ಭರದಲ್ಲಿ ಅಲ್ಲೇ ಯಾರಿಗಾದರೂ ಮುತ್ತು ಕಟ್ಟುವ ಮಾತು ಬಂದರೆ ತಕ್ಷಣ ತಡೆಯಿರಿ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ಕರ್ನಾಟಕದಲ್ಲಿ 1982ರ ದೇವದಾಸಿ ನಿಷೇಧ ಕಾಯ್ದೆ ಬಂದಾಗಿನಿಂದಲೂ ಅಪರಾಧ.

ಮುತ್ತು ಕಟ್ಟಿಸಿಕೊಳ್ಳದಾಕೆಯೇ ನಿಮಗೆ ನಿಜವಾದ ಪರೀಕ್ಷೆ. ಜೋಗಮ್ಮನಿಗೆ ದೇವಿಯ ಬೆಂಬಲ ಇದೆ, ಇವಳಿಗೆ ನಿಮ್ಮದಷ್ಟೇ. ಮುತ್ತೈದೆ ಅನ್ನುವ ಪದ ಕರಪತ್ರದಲ್ಲಿದ್ದರೆ ಇವಳೂ ಹೊರಗೆ, ಗಂಡ ಸತ್ತವರೂ ಹೊರಗೆ. ಅದನ್ನು ತೆಗೆದು "ಹೆಣ್ಣುಮಕ್ಕಳಿಗೆ" ಎಂದು ಬರೆಯಿರಿ.

ಗಂಗಾವತಿ ಗೆಳತಿ:
ಅಕ್ಕಾರ, ಕರಪತ್ರ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ, ಆ ಪದ ತೆಗಸ್ತೀನಿ. ವಿಧವೆಯರ ಮಾತಿಗೆ ಸಭಾದಾಗ ಹೆಚ್ಚು ಗದ್ದಲ ಆಗತೈತಿ, ಟ್ರಾನ್ಸ್ ಮಾತಿಗಲ್ಲ. 2-10 ಬಳಿ ಎಲ್ಲಿ ಸಿಗತಾವ?

ಬಳಿ ಬುಟ್ಟಿ:
ಹುಲಿಗಿ ಗುಡಿ ಮುಂದಿನ ಬಳಿಗಾರರಿಗೆ ವಾರ ಮೊದಲೇ ಹೇಳಿಡ್ರಿ. ಹಸಿರು ಗಾಜಿನವೇ ಕೇಳ್ರಿ, ಪ್ಲಾಸ್ಟಿಕ್ ಬ್ಯಾಡ.