ಮೇಲೆ ಹಸಿರು ಬೂಷ್ಟು, ಅಡಿಯಲ್ಲಿ ಕೆಂಪು: ಬಣ್ಣ ಇದ್ದರೆ ಆಂಟಿಬಯೋಟಿಕ್ ಇದ್ದೇ ಇರುತ್ತದಾ?

ಅಗರ್_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಮೈಕ್ರೋಬಯಾಲಜಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಅಂತ ಮಣ್ಣಿನಿಂದ ಫಂಗಸ್ ಬೆಳೆಸಿದ್ದೇನೆ. ಅದರಲ್ಲಿ ಒಂದು ಪ್ಲೇಟ್ ಮೇಲೇ ನನ್ನ ಕಣ್ಣು. ಮೇಲಿಂದ ನೋಡಿದರೆ ಮಾಮೂಲಿ ಹಸಿರು ಬೂಷ್ಟು, ಅಂಚಿನಲ್ಲಿ ಸ್ವಲ್ಪ ಹಳದಿ. ಪ್ಲೇಟ್ ತಿರುಗಿಸಿದರೆ ಅಡಿಯೆಲ್ಲ ಕಡು ಕೆಂಪು. ಕೆಂಪು ಬೂಷ್ಟಿನ ಕೆಳಗೇ ನಿಂತಿಲ್ಲ, ಸುತ್ತಲಿನ ಜೆಲ್ಲಿಯಂಥ ಅಗರ್‌ಗೂ ಹರಡಿದೆ.

"ಇಷ್ಟು ಬಣ್ಣ ಬಿಡುತ್ತಿದೆ ಅಂದರೆ ಆಂಟಿಬಯೋಟಿಕ್ ಇರಲೇಬೇಕು, ಪೆನಿಸಿಲಿನ್ ಕೂಡ ಹಳದಿ ಅಲ್ವಾ" ಅನ್ನುತ್ತಾಳೆ ಜೊತೆಯವಳು. ನಾಳೆ ಅಗರ್ ಕತ್ತರಿಸಿ ಬಣ್ಣ ಇಳಿಸೋಣ ಅಂತಿದ್ದೇವೆ. ಅವಳು ಹೇಳೋದು ನಿಜಾನಾ? ಇಲ್ಲದಿದ್ದರೆ ಫಂಗಸ್‌ಗೆ ಈ ಬಣ್ಣ ಯಾಕೆ ಬೇಕು? ಬಟ್ಟೆಗೆ ಹಾಕಬಹುದಾ?

ಹಳೇ_ಇನ್‌ಕ್ಯುಬೇಟರ್ ಉತ್ತರ:

ಮೊದಲು ಪ್ಲೇಟ್‌ಗೆ ಟೇಪ್ ಸುತ್ತಿ. ಉಳಿದ ಮಾತು ಆಮೇಲೆ.

ಹಸಿರು ಮೈ, ಅಗರ್‌ಗೆ ಇಳಿಯುವ ಕೆಂಪು: ಟ್ಯಾಲರೋಮೈಸಿಸ್ ಗುಂಪಿನ ಹಲವು ಜಾತಿಗಳು ಹೀಗೇ ಕಾಣುತ್ತವೆ. ಬಹುಪಾಲು ಸಾಧು. ಆದರೆ ಅದೇ ಗುಂಪಿನಲ್ಲಿ ಟ್ಯಾಲರೋಮೈಸಿಸ್ ಮಾರ್ನೆಫೈ ಅಂತ ಒಂದಿದೆ. 25 ಡಿಗ್ರಿಯಲ್ಲಿ ಬೂಷ್ಟಾಗಿ ಬೆಳೆದು ಇದೇ ಥರ ಕೆಂಪು ಬಿಡುತ್ತದೆ. 37 ಡಿಗ್ರಿಯಲ್ಲಿಟ್ಟರೆ ಯೀಸ್ಟ್ ರೂಪಕ್ಕೆ ತಿರುಗುತ್ತದೆ. ಆಗ್ನೇಯ ಏಷ್ಯಾ, ದಕ್ಷಿಣ ಚೀನಾ, ಈಶಾನ್ಯ ಭಾರತದಲ್ಲಿ ಎಚ್‌ಐವಿ ಇರುವವರಿಗೆ ಜೀವಕ್ಕೇ ಕುತ್ತು ತರುವ ಸೋಂಕು ಇದು. ನಿಮ್ಮದು ಅದೇ ಅಂತ ಹೇಳುತ್ತಿಲ್ಲ. ಅಲ್ಲ ಅಂತ ಗೊತ್ತಾಗುವವರೆಗೆ ಬಯೋಸೇಫ್ಟಿ ಕ್ಯಾಬಿನೆಟ್ (ರೋಗಾಣು ಹೊರಗಿನ ಗಾಳಿಗೆ ಬರದಂತೆ ತಡೆಯುವ ಪೆಟ್ಟಿಗೆ) ಹೊರಗೆ ಮುಚ್ಚಳ ತೆಗೆಯಬೇಡಿ. ಸೀಕ್ವೆನ್ಸಿಂಗ್‌ಗೆ (ಡಿಎನ್ಎ ಓದಿ ಜಾತಿ ಗುರುತಿಸಲು) ಕಳಿಸುವಾಗ ಐಟಿಎಸ್ ಅನ್ನುವ ಡಿಎನ್ಎ ಭಾಗ ಒಂದೇ ಸಾಲದು, ಬೀಟಾ ಟ್ಯೂಬುಲಿನ್ ಜೀನನ್ನೂ ಸೇರಿಸಿ.

ಈಗ ಪೆನಿಸಿಲಿನ್ ವಿಷಯ. 1928ರಲ್ಲಿ ಫ್ಲೆಮಿಂಗ್ ಕಂಡ ಬೂಷ್ಟು ಹಳದಿ ಬಿಡುತ್ತಿತ್ತು, ನಿಜ. ಆ ಹಳದಿ ಕ್ರೈಸೋಜೆನಿನ್ ಅನ್ನುವ ಬೇರೆಯೇ ವಸ್ತು. ಬ್ಯಾಕ್ಟೀರಿಯಾ ಕೊಲ್ಲುತ್ತಿದ್ದದ್ದು ಅದಲ್ಲ. ಶುರುವಿನ ಪೆನಿಸಿಲಿನ್ ಪುಡಿಯಲ್ಲಿ ಈ ಹಳದಿಯೂ ಬೆರೆತಿತ್ತು ಅಷ್ಟೇ. ಶುದ್ಧ ಮಾಡಿದ ಮೇಲೆ ಉಳಿದದ್ದು ಬಿಳಿ ಪುಡಿ. ಫಂಗಸ್ ಕೊಟ್ಟ ಇನ್ನೆರಡು ದೊಡ್ಡ ಔಷಧಿಗಳಾದ ಸೈಕ್ಲೋಸ್ಪೋರಿನ್, ಲೊವಾಸ್ಟಾಟಿನ್ ಕೂಡ ಬಿಳಿಯೇ. ಕಣ್ಣಿಗೆ ಹೊಡೆಯುವ ಬಣ್ಣದ ಹಿಂದೆ ಹೋಗಿ, ಪಕ್ಕದಲ್ಲೇ ಇರುವ ಬಣ್ಣವಿಲ್ಲದ ಪ್ಲೇಟನ್ನು ಬಿಸಾಡುವವರು ನಮ್ಮಲ್ಲಿ ಜಾಸ್ತಿ.

ಹಾಗಂತ ಬಣ್ಣ ಸುಮ್ನೆ ಇರೋದಲ್ಲ. ನಿಮ್ಮ ಪ್ಲೇಟ್ ಮೇಲಿನ ಹಸಿರು ಬೀಜಕಣಗಳದ್ದು. ಗಾಳಿಗೆ, ಬಿಸಿಲಿಗೆ ಸಿಗೋದು ಅವೇ. ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್‌ನ ನೀಲಿ ಹಸಿರು ಬೀಜಕಣಗಳಲ್ಲಿ ಮೆಲನಿನ್ ಅನ್ನುವ ಬಣ್ಣದ ವಸ್ತು ಇದೆ. ಅದಕ್ಕೆ ಬೇಕಾದ ಒಂದು ಜೀನ್ ಕೆಡಿಸಿದರೆ ಬೀಜಕಣ ಬೆಳ್ಳಗಾಗುತ್ತದೆ. ಆಗ ನಮ್ಮ ಬಿಳಿ ರಕ್ತಕಣಗಳು ಅದನ್ನು ಸುಲಭವಾಗಿ ಮುಗಿಸುತ್ತವೆ. ನನಗೆ ಇದಕ್ಕಿಂತ ಇಷ್ಟವಾಗೋದು ಭತ್ತದ ಬೆಂಕಿ ರೋಗದ ಫಂಗಸ್. ಎಲೆ ಮೇಲೆ ಕೂತು ಒಂದು ಪುಟ್ಟ ಗುಳ್ಳೆ ಕಟ್ಟುತ್ತದೆ, ಅದರ ಗೋಡೆಗೆ ಮೆಲನಿನ್ ಬಳಿಯುತ್ತದೆ. ಗೋಡೆ ಬಿಗಿಯಾದ್ದರಿಂದ ಒಳಗಿನ ಗ್ಲಿಸರಾಲ್ ಹೊರಗೆ ಸೋರುವುದಿಲ್ಲ, ನೀರು ಮಾತ್ರ ಒಳಗೆ ಬರುತ್ತಲೇ ಇರುತ್ತದೆ. ಒತ್ತಡ 8 ಮೆಗಾಪಾಸ್ಕಲ್‌ವರೆಗೆ, ಅಂದರೆ ಗಾಳಿಯ ಒತ್ತಡದ ಸುಮಾರು 80 ಪಟ್ಟು ಏರುತ್ತದೆ. ಆ ಬಲದಲ್ಲೇ ಎಲೆಯ ಸಿಪ್ಪೆ ತೂತು ಮಾಡುತ್ತದೆ. ರೈತರು ಸಿಂಪಡಿಸುವ ಟ್ರೈಸೈಕ್ಲಜೋಲ್ ಫಂಗಸ್ಸನ್ನು ನೇರ ಕೊಲ್ಲುವುದಿಲ್ಲ. ಮೆಲನಿನ್ ತಯಾರಾಗದ ಹಾಗೆ ತಡೆಯುತ್ತದೆ. ಬಣ್ಣ ಹೋದರೆ ಒತ್ತಡವೂ ಉಳಿಯುವುದಿಲ್ಲ.

ಹುದುಗು_ಗಡಿಗೆ ಉತ್ತರ:

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಬಣ್ಣ, ಔಷಧಿ, ವಿಷ ಮೂರೂ ಒಂದೇ ಫಂಗಸ್‌ನಲ್ಲಿ ಸಿಗುವುದೂ ಉಂಟು. ಚೀನಾದಲ್ಲಿ ಅಕ್ಕಿ ಮೇಲೆ ಮೊನಾಸ್ಕಸ್ ಬೆಳೆಸಿ ಕೆಂಪು ಮಾಡುವುದು ಬಹಳ ಹಳೆಯ ಪದ್ಧತಿ. ಅದರಲ್ಲಿರುವ ಮೊನಾಕೊಲಿನ್ ಕೆ ಅಂದರೆ ಲೊವಾಸ್ಟಾಟಿನ್ನೇ, ಕೊಲೆಸ್ಟರಾಲ್ ಇಳಿಸುವ ಮಾತ್ರೆಯಲ್ಲಿರೋದು. ಕೆಲವು ತಳಿಗಳು ಸಿಟ್ರಿನಿನ್ ಕೂಡ ಮಾಡುತ್ತವೆ, ಅದು ಕಿಡ್ನಿಗೆ ಕೆಟ್ಟದ್ದು. ಕೆಂಪು ಎಷ್ಟು ಗಾಢ ಅಂತ ನೋಡಿ ಇವು ಎಷ್ಟಿವೆ ಅಂತ ಹೇಳೋಕಾಗಲ್ಲ.

ಇನ್ನೊಂದು ಮಜಾ. ಮೊನಾಸ್ಕಸ್ ಮೊದಲು ಮಾಡೋದು ಕಿತ್ತಳೆ ಬಣ್ಣ. ಅದು ಅಮೈನೋ ಆಮ್ಲದಂಥ ಸಾರಜನಕದ ವಸ್ತುವಿನ ಜೊತೆ ಸೇರಿದಾಗ ಕೆಂಪಾಗುತ್ತದೆ. ಫಂಗಸ್ ಬೆಳೆಸುವ ಮೀಡಿಯಾದಲ್ಲಿ ಸಾರಜನಕದ ಮೂಲ ಬದಲಿಸಿ ನೋಡಿ, ನಿಮ್ಮ ಪ್ಲೇಟ್‌ನ ಬಣ್ಣವೂ ಬದಲಾದೀತು.

ಬಣ್ಣದ_ಬೋಗುಣಿ ಉತ್ತರ:

ಬಟ್ಟೆ ಪ್ರಶ್ನೆ ನನಗಿರಲಿ. ಗುರುತು ಗೊತ್ತಿಲ್ಲದ ಬೂಷ್ಟಿನ ಬಣ್ಣ ಬಟ್ಟೆಗೆ ಬೇಡವೇ ಬೇಡ. ಅಣಬೆ ಬಣ್ಣ ಬೇರೆ ಮಾತು. ಕಾರ್ಟಿನೇರಿಯಸ್ ಸೆಮಿಸಾಂಗ್ವಿನಿಯಸ್ ಅಣಬೆಯನ್ನು ಕುದಿಸಿ, ಪಟಿಕದಲ್ಲಿ ನೆನೆಸಿದ ಉಣ್ಣೆ ಹಾಕಿದರೆ ಕೆಂಪು ಚೆನ್ನಾಗಿ ಕಚ್ಚುತ್ತದೆ. ಹತ್ತಿಗೆ ಅಷ್ಟಾಗಿ ಹಿಡಿಯುವುದಿಲ್ಲ. ಅಂದಹಾಗೆ ನಿಮ್ಮ ಲ್ಯಾಬ್‌ನ ಲಿಟ್ಮಸ್ ಬಣ್ಣವನ್ನು ಮೊದಲಿಂದ ತೆಗೆಯುತ್ತಿದ್ದದ್ದು ಕಲ್ಲುಹೂವಿನಿಂದ. ಅದರಲ್ಲೂ ಅರ್ಧ ಸಂಸಾರ ಫಂಗಸ್‌ದೇ.

ಅಗರ್_ಹುಡುಗಿ:

ಟೇಪ್ ಸುತ್ತಿಟ್ಟೆ ಸರ್. ಗೈಡ್‌ಗೂ ಹೇಳಿದೆ, ಸೀಕ್ವೆನ್ಸಿಂಗ್‌ಗೆ ಕಳಿಸುತ್ತಿದ್ದಾರೆ. ಅಪಾಯ ಇಲ್ಲ ಅಂತ ಬಂದರೆ, ಅದು ಬ್ಯಾಕ್ಟೀರಿಯಾ ಕೊಲ್ಲುವುದಾದರೆ, ಕೊಲ್ಲುವುದು ಕೆಂಪೋ ಬೇರೆ ಏನೋ ಅಂತ ಹೇಗೆ ತಿಳಿಯೋದು?

ಹಳೇ_ಇನ್‌ಕ್ಯುಬೇಟರ್ ಉತ್ತರ:

ರಸ ಹೀರಿದ ಕಾಗದದ ಡಿಸ್ಕ್ ಬ್ಯಾಕ್ಟೀರಿಯಾ ಮೇಲೆ ಹಾಕಿ ಸುತ್ತ ಖಾಲಿ ವೃತ್ತ ಬಂತು ಅಂತ ಕುಣಿಯಬೇಡಿ. ಆ ರಸದಲ್ಲಿ ಎಷ್ಟೋ ವಸ್ತುಗಳಿರುತ್ತವೆ. ಎಥೈಲ್ ಅಸಿಟೇಟ್‌ನಲ್ಲಿ ಇಳಿಸಿ, ವಸ್ತುಗಳನ್ನು ತೆಳು ಹಾಳೆಯ ಮೇಲೆ ಬೇರ್ಪಡಿಸುವ ಟಿಎಲ್‌ಸಿ ಓಡಿಸಿ. ಕೆಂಪು, ಹಳದಿ ಗೆರೆಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಪೆನ್ಸಿಲ್‌ನಲ್ಲಿ ಗುರುತು ಹಾಕಿ. ದ್ರಾವಕ ಪೂರ್ತಿ ಆರಲಿ, ಇಲ್ಲದಿದ್ದರೆ ಅದೇ ಬ್ಯಾಕ್ಟೀರಿಯಾ ಕೊಂದು ನಿಮಗೆ ಮೋಸ ಮಾಡುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಬೆರೆಸಿದ ಅಗರನ್ನು ಆ ಹಾಳೆಯ ಮೇಲೆ ತೆಳ್ಳಗೆ ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಂಟಿಟಿ ಅನ್ನುವ ಬಣ್ಣದ ದ್ರಾವಣ ಸಿಂಪಡಿಸಿ. ಬ್ಯಾಕ್ಟೀರಿಯಾ ಬದುಕಿರುವ ಕಡೆಯೆಲ್ಲ ನೇರಳೆಯಾಗುತ್ತದೆ, ಸತ್ತ ಕಡೆ ಆಗುವುದಿಲ್ಲ.

ನನ್ನದೊಂದು ಪೆನಿಸಿಲಿಯಂನಲ್ಲಿ ಎದ್ದು ಕಾಣುವ ಹಳದಿ ಗೆರೆ ಇತ್ತು. ಅದರ ಮೇಲೆ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆದು ನೇರಳೆ ತಿರುಗಿದ್ದವು. ಅದರ ಕೆಳಗೆ, ಏನೂ ಕಾಣದಿದ್ದ ಜಾಗದಲ್ಲಿ, ಉಗುರಿನಗಲ ಬರೀ ಬಿಳಿ. ನಿಮ್ಮದರಲ್ಲಿ ಕೆಂಪು ಗೆರೆಯ ಮೇಲೇ ಬಿಳಿ ಬಂದರೆ ಇಲ್ಲೇ ಫೋಟೋ ಹಾಕಿ, ಜೊತೆಯವಳಿಗೆ ನಾನೇ ಶಹಬ್ಬಾಸ್ ಹೇಳುತ್ತೇನೆ.