ಮುಂಬಾಗಿಲ ಮೆಟ್ಟಿಲಿನ ಕಾರ್ಪೆಟ್ ಎದ್ದು ಬರುತ್ತಿದೆ, ಬೂಷ್ಟು ಬೇರೆ! ಯಾವ ಅಂಟು ಹಾಕಲಿ?

ತುಂಗೆಯ ದಡ:
ತೀರ್ಥಹಳ್ಳಿ ಹತ್ತಿರದ ಹಳೇ ಮನೆ ನಮ್ಮದು. ಅಂಗಳದಿಂದ ಜಗುಲಿಗೆ ಏಳು ಮೆಟ್ಟಿಲು. ಜಂಬಿಟ್ಟಿಗೆ ಕಲ್ಲಿನಲ್ಲಿ ಕಟ್ಟಿ ಮೇಲೆ ರೆಡ್ ಆಕ್ಸೈಡ್ ಹಾಕಿದ್ದು. ಏಪ್ರಿಲ್‌ನಲ್ಲಿ ತಂಗಿ ಮದುವೆಗೆ ಚೆಂದ ಕಾಣಲಿ ಅಂತ ಮರೂನ್ ಕಾರ್ಪೆಟ್ ಅಂಟಿಸಿದೆವು. ಆರಿದ್ರಾ ಮಳೆ ಹಿಡಿದಿದ್ದೇ ತಡ, ಒಂದೊಂದೇ ಮೆಟ್ಟಿಲಿನ ಅಂಚು ಬಿಟ್ಟುಕೊಂಡಿತು. ಎರಡು ಸಲ ಮತ್ತೆ ಅಂಟಿಸಿದೆ, ಪ್ರಯೋಜನವಿಲ್ಲ. ಈಗ ಅಡಿಯಲ್ಲಿ ಬೂಷ್ಟು, ಹಸಿ ಗೋಣಿಚೀಲದ ವಾಸನೆ. ಮೊನ್ನೆ ಅದರೊಳಗಿಂದ ಇಂಬಳ (ಜಿಗಣೆ) ಬಂತು ಮಾರಾಯ್ರೆ! ಅಪ್ಪ ಒಮ್ಮೆ ಎಡವಿದರು. ಗಟ್ಟಿ ಅಂಟು ಯಾವುದಿದೆ ಹೇಳಿ.

ಹಳೇ ಮೇಸ್ತ್ರಿ:
ಅಂಟಿನ ಮಾತು ಆಮೇಲೆ. ಕಾರ್ಪೆಟ್‌ನ ಬೆನ್ನು ಯಾವುದು, ಸೆಣಬೋ ರಬ್ಬರೋ? ಮೆಟ್ಟಿಲಿಗೆ ಎಣ್ಣೆ, ಮೇಣ ಏನಾದರೂ ಉಜ್ಜುತ್ತಿದ್ದರಾ? ಮನೆಯ ಮಾಡು (ಚಾವಣಿ) ಎಷ್ಟು ಮೆಟ್ಟಿಲವರೆಗೆ ಬರುತ್ತದೆ?

ತುಂಗೆಯ ದಡ:
ಬೆನ್ನು ಸೆಣಬು. ಅಮ್ಮ ಹಬ್ಬಕ್ಕೆ ಹಬ್ಬಕ್ಕೆ ಕೊಬ್ಬರಿ ಎಣ್ಣೆ ಉಜ್ಜಿ ಹೊಳಪು ತರುತ್ತಿದ್ದರು. ಮಾಡು ಮೇಲಿನ ನಾಲ್ಕು ಮೆಟ್ಟಿಲಿಗೆ ಮಾತ್ರ.

ಹಳೇ ಮೇಸ್ತ್ರಿ:
ಅಲ್ಲೇ ಇದೆ ನೋಡಿ. ವರ್ಷಗಟ್ಟಲೆ ಎಣ್ಣೆ ಕುಡಿದ ನೆಲಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಸೆಣಬು ನೀರು ಹೀರುತ್ತದೆ, ಒಣಗುವಾಗ ಕುಗ್ಗುತ್ತದೆ. ಕುಗ್ಗಿದಾಗ ಅಂಚು ಎಳೆದುಕೊಂಡು ಏಳುತ್ತದೆ. ಜಂಬಿಟ್ಟಿಗೆಯೋ ತೂತು ತೂತು ಕಲ್ಲು, ನೆಲದ ತೇವ ಅದರಲ್ಲಿ ಮೇಲಕ್ಕೆ ಏರುತ್ತದೆ. ನೀವು ಅಂಟಿಸಿ ಮುಚ್ಚಿದ್ದೀರಿ, ಆ ತೇವ ಹೋಗುವುದಾದರೂ ಎಲ್ಲಿಗೆ?

ಒಂದು ಪರೀಕ್ಷೆ ಮಾಡಿ. ಕಾರ್ಪೆಟ್ ಕಿತ್ತು, ಮೇಲಿನ ಒಂದು, ಕೆಳಗಿನ ಒಂದು ಮೆಟ್ಟಿಲು ಒರೆಸಿ ಒಣಗಲು ಬಿಡಿ. ಒಂದೊಂದು ಅಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ. ಒಂದು ದಿನ ಬಿಟ್ಟು ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಇದ್ದರೆ ತೇವ ಕಲ್ಲಿನೊಳಗಿಂದಲೇ ಬರುತ್ತಿದೆ.

ಅಡಿಕೆ ಸೋಗೆ:
ನಮ್ಮ ಅಜ್ಜಿ ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿಸುತ್ತಿದ್ದರು, ಕಾರ್ಪೆಟ್ ಅಲ್ಲ 😀 ಕಿತ್ತಿದ್ದನ್ನು ಅಡಿಕೆ ಡ್ರೈಯರ್‌ನಲ್ಲಿ ಒಣಗಿಸಲು ಮಾತ್ರ ಹೋಗಬೇಡಿ. ನಾನು ಹೋಗಿದ್ದೆ. ಕಾರ್ಪೆಟ್ ಪೂರ್ತಿ ಮುರುಟಿತು, ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ.

ತುಂಗೆಯ ದಡ:
ಮಳೆ ಎರಡು ದಿನ ಬಿಡುವು ಕೊಟ್ಟಿತ್ತು, ಪರೀಕ್ಷೆ ಮಾಡಿದೆ. ಕೆಳಗಿನ ಹಾಳೆಯ ಅಡಿ ಪೂರ್ತಿ ಹನಿ. ಮೇಲಿನದು ಒಣ. ಹಾಗಾದರೆ ಕಾರ್ಪೆಟ್ ಆಸೆ ಬಿಡಲಾ?

ಹಳೇ ಮೇಸ್ತ್ರಿ:
ಪೂರ್ತಿ ಬಿಡಬೇಡಿ. ಕೆಳಗಿನ ಮೂರಕ್ಕೆ ಬೇಡ. ಮೇಲಿನ ನಾಲ್ಕಕ್ಕೆ ಹಾಕಿ, ಆದರೆ ಅಂಟು ಇಲ್ಲದೆ. ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಕಾರ್ಪೆಟ್ ತನ್ನಿ, ಅದರ ನೂಲು ನೀರು ಕುಡಿಯುವುದಿಲ್ಲ. ಬೆನ್ನೂ ಸೆಣಬಿನದಲ್ಲ ಅಂತ ತಿರುಗಿಸಿ ನೋಡಿಯೇ ತನ್ನಿ. ಮೆಟ್ಟಿಲು 11 ಇಂಚು ಅಗಲ, 6 ಇಂಚು ಎತ್ತರ ಇದ್ದರೆ, ಮೂಗು (ಮೆಟ್ಟಿಲಿನ ಮುಂದಿನ ಅಂಚು) ಸುತ್ತಲು ಇನ್ನೊಂದು ಇಂಚು ಸೇರಿಸಿ ಮೆಟ್ಟಿಲಿಗೆ 18 ಇಂಚು. ನಾಲ್ಕಕ್ಕೆ 6 ಅಡಿ. ಕೈಯಾಡಿಸಿ ನೋಡಿ, ನೂಲು ಮಲಗುವ ದಿಕ್ಕು ಕೆಳಮುಖವಾಗಿರಬೇಕು. ಉಲ್ಟಾ ಹಾಕಿದರೆ ಬೇಗ ಸವೆಯುತ್ತದೆ.

ಪ್ರತಿ ಮೆಟ್ಟಿಲು ಹಿಂದಿನ ಎತ್ತರದ ಭಾಗಕ್ಕೆ ಸೇರುವ ಮೂಲೆಯಲ್ಲಿ ಒಂದು ಸ್ಟೀಲ್ ಸರಳು, ಎರಡು ತುದಿಗೆ ಕೊಂಡಿ. ಸರಳು ಕಾರ್ಪೆಟ್ಟನ್ನು ಮೂಲೆಗೆ ಒತ್ತಿ ಹಿಡಿಯುತ್ತದೆ. ಜಂಬಿಟ್ಟಿಗೆ ಉದುರುವ ಕಲ್ಲು, ಡ್ರಿಲ್‌ನಲ್ಲಿ ಹ್ಯಾಮರ್ ಆಫ್ ಮಾಡಿ ನಿಧಾನ ಕೊರೆಯಿರಿ, ಉದ್ದದ ರಾಲ್ ಪ್ಲಗ್ (ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಮೃಗಶಿರ ಮಳೆಗೆ ಮುಂಚೆ ಸರಳು ಎಳೆದು, ಕಾರ್ಪೆಟ್ ಸುತ್ತಿ, ಅಟ್ಟಕ್ಕೆ ಹಾಕಿ. ದೀಪಾವಳಿಗೆ ಮತ್ತೆ ಹಾಸಿ. ಇಲ್ಲಿನ ಮಳೆಯಲ್ಲಿ ಕಾರ್ಪೆಟ್ ವರ್ಷವಿಡೀ ಹೊರಗಿರಬೇಕು ಅನ್ನುವುದೇ ತಪ್ಪು.

ತುಂಗೆಯ ದಡ:
ಹಳೇ ಅಂಟು ಹೇಗೆ ತೆಗೆಯುವುದು?

ಹಳೇ ಮೇಸ್ತ್ರಿ:
ಪುಟ್ಟಿ ಬ್ಲೇಡ್‌ನಲ್ಲಿ (ಗೋಡೆಗೆ ಪುಟ್ಟಿ ಬಳಿಯುವ ಅಲಗು) ಕೆರೆಯಿರಿ. ಉಳಿದಿದ್ದಕ್ಕೆ ಬಟ್ಟೆಗೆ ಸ್ವಲ್ಪ ಥಿನ್ನರ್. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಹೊಳಪು ಹೋಗಬಹುದು. ಹತ್ತಿರ ಬೆಂಕಿ, ಬೀಡಿ ಬೇಡ. ಅಪ್ಪನ ಓಡಾಟಕ್ಕೆ ಕೆಳಗಿನ ಮೂರರ ಅಂಚಿಗೆ ಜಾರದ ಪಟ್ಟಿ ಹಾಕಿ, ಅಂಟಿನದಲ್ಲ, ಸ್ಕ್ರೂ ಹಾಕುವ ಅಲ್ಯುಮಿನಿಯಂನದು. ಪಾಚಿ ಕಟ್ಟದಂತೆ ವಾರಕ್ಕೊಮ್ಮೆ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ. ಅಮ್ಮನಿಗೆ ಹೇಳಿ, ಮೆಟ್ಟಿಲಿಗೆ ಎಣ್ಣೆ ನಿಲ್ಲಿಸಲಿ.

ಸಾಗರದವಳು:
ಕೆಳಗಿನ ಮೂರು ಬೋಳಾಗಿ ಕಾಣುತ್ತದೆ ಅನ್ನಿಸಿದರೆ, ಎದುರಿನ ಎತ್ತರದ ಭಾಗಕ್ಕೆ ಹಸೆ ಚಿತ್ತಾರದ (ನಮ್ಮ ಮಲೆನಾಡಿನ ಗೋಡೆ ಚಿತ್ರ) ಗೆರೆ ಬರೆಯಿರಿ. ಕೆಂಪು ನೆಲ ಇದ್ದೇ ಇದೆ, ಬಿಳಿ ಗೆರೆ ಚೆನ್ನಾಗಿ ಏಳುತ್ತದೆ. ನಮ್ಮ ಕಡೆ ಅಕ್ಕಿ ಹಿಟ್ಟಿನಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುತ್ತಾರೆ. ಹೊರಗೆ ಅದು ಮಳೆಗೆ ನಿಲ್ಲುವುದಿಲ್ಲ, ಬಿಳಿ ಪೇಂಟ್ ಬಳಸಿ. ಕಾಲಿಡುವ ಜಾಗಕ್ಕೆ ಮಾತ್ರ ಬೇಡ, ಜಾರುತ್ತದೆ.

ತುಂಗೆಯ ದಡ:
ಮೇಸ್ತ್ರಿಗಳೇ, ಸಾಗರದ ಅಕ್ಕಾ, ಥ್ಯಾಂಕ್ಸ್. ಇವತ್ತು ನಾಲ್ಕು ಮೆಟ್ಟಿಲಿನ ಅಂಟು ಕೆರೆದೆ. ಎಣ್ಣೆ ನಿಲ್ಲಿಸಿ ಅಂದಿದ್ದಕ್ಕೆ ಅಮ್ಮ ಇನ್ನೂ ಒಪ್ಪಿಲ್ಲ.