ಪೆಥಾಲಜಿ ಡಾಕ್ಟರ್‌ಗೆ ಕೇಳಿ: ಲಿವರ್ ಕೋಶಗಳ ಆಂಟಿಬಾಡಿ ಗುರುತು

ಮೈಸೂರು, ಸಂಶೋಧನಾ ವಿದ್ಯಾರ್ಥಿನಿ: ನಮಸ್ಕಾರ ಸರ್. ಮೌಸ್ ಲಿವರ್‌ನಿಂದ ಸೈನುಸಾಯ್ಡ್ (ಲಿವರ್ ಒಳಗಿನ ಸೂಕ್ಷ್ಮ ರಕ್ತನಾಳ) ಒಳಪದರದ ಕೋಶ ಬೇರ್ಪಡಿಸಿದ್ದೇನೆ. ತಟ್ಟೆಯಲ್ಲಿ ಮೂರು ದಿನ ಕಲ್ಚರ್ ಆದಮೇಲೆ (ಬೆಳೆಸಿದ ಮೇಲೆ) ಆಂಟಿಬಾಡಿ ಹಾಕಿ ನೋಡಿದರೆ, ಕೋಶದ ಗುರುತು ಪ್ರೋಟೀನ್‌ಗಳಲ್ಲಿ ಸಿಡಿ31 ಚೆನ್ನಾಗಿ ಬರುತ್ತದೆ, ಸ್ಟ್ಯಾಬಿಲಿನ್-2 ಬರುವುದಿಲ್ಲ. ಆಂಟಿಬಾಡಿ ಕೆಟ್ಟಿದೆಯಾ?

ಡಾಕ್ಟರ್: ಮೊದಲು ಆ ಮೂರು ದಿನ ನೋಡಮ್ಮ. ಈ ಕೋಶದ ಮೈಯಲ್ಲಿ 50ರಿಂದ 150 ನ್ಯಾನೋಮೀಟರ್‌ನ ಸಣ್ಣ ಕಿಂಡಿಗಳಿರುತ್ತವೆ. ತಟ್ಟೆಗೆ ಹಾಕಿದ ಒಂದೆರಡು ದಿನದಲ್ಲೇ ಕಿಂಡಿ ಮುಚ್ಚುತ್ತಾ, ಸ್ವಂತ ಗುರುತುಗಳೂ ಕಡಿಮೆಯಾಗುತ್ತವೆ. ಸಿಡಿ31 ಎಲ್ಲ ರಕ್ತನಾಳದ ಒಳಪದರದಲ್ಲೂ ಇದೆ, ಅದೊಂದೇ ಸಾಕ್ಷಿ ಸಾಲದು. ಸಿಡಿ146 ಕೂಡ ಹಾಗೇ. ಬೇರ್ಪಡಿಸಿದ ದಿನವೇ ಸ್ಟ್ಯಾಬಿಲಿನ್-2 ಮತ್ತು ಸಿಡಿ32ಬಿ ಒಟ್ಟಿಗೆ ಹಾಕಿ. ಲೈವ್-1 ಎಂಬ ಇನ್ನೊಂದು ಗುರುತು ಬಳಸಿದರೆ, ಪೋರ್ಟಲ್ ನಾಳದ (ಕರುಳಿನಿಂದ ಲಿವರ್‌ಗೆ ರಕ್ತ ತರುವ ನಾಳ) ಹತ್ತಿರ ಅದು ಮಂಕಾಗಿರುತ್ತದೆ ಅನ್ನೋದು ನೆನಪಿರಲಿ. ಇನ್ನೊಂದು ಮಾತು. ಸಿಡಿ32ಬಿ ಅಂದರೆ ಆಂಟಿಬಾಡಿಯ ಬಾಲ ಹಿಡಿಯುವ ರಿಸೆಪ್ಟರ್. ಹಾಗಾಗಿ ಯಾವ ಆಂಟಿಬಾಡಿ ಹಾಕಿದರೂ ಸುಮ್ನೆ ಅಂಟಿಕೊಳ್ಳಬಹುದು. ಐಸೋಟೈಪ್ ಕಂಟ್ರೋಲ್ (ಯಾವ ಗುರುತನ್ನೂ ಹಿಡಿಯದ, ಹೋಲಿಕೆಗೆ ಹಾಕುವ ಅದೇ ಬಗೆಯ ಆಂಟಿಬಾಡಿ) ಹಾಕಿದ್ದೀರಾ? ಹೀಗೆ ಅಂಟುವುದನ್ನು ತಡೆಯಲು 2.4ಜಿ2 ಎಂಬ ಆಂಟಿಬಾಡಿಯ ಬ್ಲಾಕ್ ಹಾಕಿದ್ದರೆ ಅದೇ ಸಿಡಿ32ಬಿಯನ್ನು ಮುಚ್ಚಿಬಿಡುತ್ತದೆ.

ಮಂಡ್ಯ: ಸರ್, ನಮ್ಮಪ್ಪನ ಲಿವರ್ ಬಯಾಪ್ಸಿಯಲ್ಲಿ ಸಿಡಿ34 ಪಾಸಿಟಿವ್. ಕ್ಯಾನ್ಸರಾ?

ಡಾಕ್ಟರ್: ಅದೊಂದರಿಂದ ಹೇಳಲು ಆಗುವುದಿಲ್ಲಮ್ಮ. ಸಿಡಿ34 ಕೂಡ ರಕ್ತನಾಳದ ಒಳಪದರದ ಒಂದು ಗುರುತು; ಆರೋಗ್ಯದ ಲಿವರ್‌ನ ಸೈನುಸಾಯ್ಡ್‌ನಲ್ಲಿ ತೀರಾ ಕಡಿಮೆ. ಸಿರೋಸಿಸ್‌ನಲ್ಲೂ ಬರುತ್ತದೆ, ಲಿವರ್ ಕ್ಯಾನ್ಸರ್‌ನಲ್ಲಿ ಹರಡಿಕೊಂಡು ಬರುತ್ತದೆ. ಸ್ಲೈಡು, ಬ್ಲಾಕು (ಬಯಾಪ್ಸಿ ತುಂಡು ಇಟ್ಟ ಮೇಣದ ಗಟ್ಟಿ), ಸ್ಕ್ಯಾನ್ ಎಲ್ಲ ಹಿಡಿದು ಈ ವಾರವೇ ಲಿವರ್ ಡಾಕ್ಟರ್ ಹತ್ತಿರ ಹೋಗಿ.

ಮದ್ದೂರು: ಅಕ್ಕಾ, ಹೆದರಬೇಡಿ. ಅಮೃತಬಳ್ಳಿ ಕಷಾಯ 21 ದಿನ, ಲಿವರ್ ಹೊಸದಾಗುತ್ತೆ. ಫಾರ್ವರ್ಡ್ ಮಾಡಿದ್ದೀನಿ.

ಡಾಕ್ಟರ್: ಈ ಫಾರ್ವರ್ಡ್ ಇಲ್ಲಿ ಹಾಕಬೇಡಿ ಅಂತ ಹಿಂದೆಯೂ ಹೇಳಿದ್ದೆ. ಅಮೃತಬಳ್ಳಿ ತೆಗೆದುಕೊಂಡವರ ಲಿವರ್‌ಗೆ ಪೆಟ್ಟಾದದ್ದನ್ನು ಮುಂಬೈ ಡಾಕ್ಟರುಗಳು 2021ರಲ್ಲೇ ವರದಿ ಮಾಡಿದ್ದಾರೆ.

ಮದ್ದೂರು: ನಮ್ಮಜ್ಜಿ ಕಾಲದಿಂದ ಕುಡೀತಿದ್ದೀವಿ. ಇಂಗ್ಲಿಷ್ ಔಷಧಿಯಿಂದ ಲಿವರ್ ಹಾಳಾಗಲ್ವಾ?

ಶ್ರೀರಂಗಪಟ್ಟಣ: ಆಗುತ್ತೆ. ಅದಕ್ಕೇ ಡಾಕ್ಟರು ರಕ್ತ ಪರೀಕ್ಷೆ ಮಾಡಿಸ್ತಾರೆ. ನಿಮ್ಮ ಕಷಾಯಕ್ಕೆ ಯಾರು ಮಾಡಿಸ್ತಾರೆ?

ಮದ್ದೂರು: ನೀವು ಡಾಕ್ಟರಾ? ನಡುವೆ ಬಾಯಿ ಹಾಕಬೇಡಿ.

ಶ್ರೀರಂಗಪಟ್ಟಣ: ನನ್ನ ತಮ್ಮ ಕಾಮಾಲೆಗೆ ನಾಟಿ ಔಷಧಿ ಅಂತ ಒಂದು ತಿಂಗಳು ಕಳೆದ. ಆಮೇಲೆ ಐಸಿಯು. ಬಾಯಿ ಹಾಕ್ತೀನಿ.

ಕುವೆಂಪುನಗರ: ಫ್ಯಾಟಿ ಲಿವರ್‌ಗೂ ಈ ಆಂಟಿಬಾಡಿ ಟೆಸ್ಟ್ ಬೇಕಾ ಸರ್?

ಪಾಂಡವಪುರ: ಸಿಡಿ34 ಪಾಸಿಟಿವ್ ಅಂದ್ರೆ ಕ್ಯಾನ್ಸರ್ ತಾನೇ?

ಡಾಕ್ಟರ್: ಸಿಡಿ34 ಬಗ್ಗೆ ಮೇಲೆ ಬರೆದಿದ್ದೇನೆ. ಓದಿ.

ವಿದ್ಯಾರ್ಥಿನಿ: ಸರ್, ಐಸೋಟೈಪ್ ಹಾಕಿರಲಿಲ್ಲ. ನಾಳೆ ಹೊಸ ಲಿವರ್ ತೆಗೆದು ಅದೇ ದಿನ ಮಾಡುತ್ತೇನೆ.

ಡಾಕ್ಟರ್: ಮಾಡಿ. ಚಿತ್ರ ಕಳಿಸಿ, ನಾನೂ ನೋಡಬೇಕು.

ಮಂಡ್ಯ: ಸರ್... ಅಪ್ಪ ಎರಡು ತಿಂಗಳಿಂದ ಅದೇ ಕಷಾಯ ಕುಡೀತಿದ್ದಾರೆ. ಬಯಾಪ್ಸಿ ಮಾಡಿದವರಿಗೆ ಹೇಳಿಲ್ಲ.

ಡಾಕ್ಟರ್: ಇವತ್ತೇ ನಿಲ್ಲಿಸಿ. ಇವತ್ತೇ ಫೋನ್ ಮಾಡಿ ಅವರಿಗೆ ಹೇಳಿ. ಉಳಿದ ಕಷಾಯದ ಪುಡಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.